ಸಂರಕ್ಷಿತ ಮೀನನ್ನು ಮಿತಿ ಹಾಕಿ ಹಿಡಿಯಲು ಬಿಡಬಹುದೆ? ತುಂಗಭದ್ರೆಯ ತೀರದವರಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಹೊನ್ನಾಳಿ, ಹರಿಹರದ ಕಡೆ ನದಿಯ ಮೀನು ಕಡಿಮೆಯಾಗುತ್ತಿದೆ ಎಂಬ ಮಾತು ಎದ್ದಾಗಲೆಲ್ಲ ಎರಡು ಬೇಡಿಕೆಗಳು ಒಟ್ಟಿಗೇ ಬರುತ್ತವೆ. ಅಪರೂಪವಾದ ಜಾತಿಗಳನ್ನು ಯಾರೂ ಮುಟ್ಟದಂತೆ ಪೂರ್ತಿ ನಿಷೇಧಿಸಬೇಕು ಎನ್ನುವವರು ಒಂದು ಕಡೆ ನಿಂತರೆ, ಹೊಳೆಯನ್ನೇ ನಂಬಿ ಬದುಕುವ ಬೆಸ್ತರ ಮನೆಗಳಿಗೆ ವರ್ಷಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಹಿಡಿಯಲು ಬಿಡಬೇಕು ಎನ್ನುವವರು ಇನ್ನೊಂದು ಕಡೆ ನಿಲ್ಲುತ್ತಾರೆ. ವಾಸ್ತವದಲ್ಲಿ ದಾರಿಗಳು ಎರಡೇ ಅಲ್ಲ. ಪೂರ್ಣ ನಿಷೇಧ, ಪರವಾನಗಿ ಕೊಟ್ಟು ಮಿತಿಯಲ್ಲಿ ಹಿಡಿಯುವುದು, ಹಿಡಿದು ಬಿಡುವುದು, ಮಡುವನ್ನೋ ಮಳೆಗಾಲದ ತಿಂಗಳುಗಳನ್ನೋ ಕಾಯುವುದು, ಮರಿಗಳನ್ನು ತಂದು ಬಿಡುವುದು ಇವೆಲ್ಲವೂ ಒಂದಲ್ಲ ಒಂದು ನೀರಿನಲ್ಲಿ ಪ್ರಯೋಗವಾಗಿವೆ. ಮೀನುಗಾರರ ಸಹಕಾರ ಸಂಘದ ಸಭೆಯಲ್ಲೋ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲೋ ಈ ಪ್ರಶ್ನೆಗೆ ಕೈ ಎತ್ತಬೇಕಾಗಿ ಬಂದವರಿಗೆ ಉಪಯೋಗವಾಗಲಿ ಎಂದು ಅವುಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಲಾಗಿದೆ. ನನ್ನ ಒಲವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಎಣಿಕೆ ನಡೆಯದ ನೀರಿನಲ್ಲಿ ಮಿತಿ ಎಂಬುದು ಬರಿಯ ಕಾಗದದ ಸಂಖ್ಯೆ, ಹಾಗೆಂದು ಕಾವಲಿಲ್ಲದ ನಿಷೇಧವೂ ಅದಕ್ಕಿಂತ ಮೇಲಿನದೇನಲ್ಲ.

ಆಯ್ಕೆಯೇ ಇಲ್ಲದ ಮೀನುಗಳು

ಯಾವ ಮೀನಿನ ವಿಷಯದಲ್ಲಿ ಚರ್ಚೆಗೆ ಅವಕಾಶವೇ ಇಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಮೀನುಗಳು ಸೇರಿದ್ದು 2001ರಲ್ಲಿ. ತಿಮಿಂಗಿಲ ಶಾರ್ಕ್, ಗರಗಸ ಮೀನು, ಕೆಲವು ಜಾತಿಯ ಶಾರ್ಕ್ ಮತ್ತು ತೊರಕೆಗಳು, ಕಡಲಕುದುರೆ, ದೈತ್ಯ ಗ್ರೂಪರ್ ಆಗ ಸೇರಿದವು. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾಯ್ದೆಯಲ್ಲಿ, ಒಂದನೆಯ ಅನುಸೂಚಿಯ ಪ್ರಾಣಿಯನ್ನು ಕೊಂದವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡವಿದೆ. ಸಂಶೋಧನೆಯಂಥ ಉದ್ದೇಶಗಳಿಗೆ ವಿಶೇಷ ಅನುಮತಿ ಸಿಗಬಹುದೇ ಹೊರತು, ಜೀವನೋಪಾಯಕ್ಕೆ ಅಥವಾ ಮಾರಾಟಕ್ಕೆ ಇಂತಿಷ್ಟು ಹಿಡಿಯಿರಿ ಎನ್ನುವ ವ್ಯವಸ್ಥೆ ಅದರಲ್ಲಿಲ್ಲ. ಆದ್ದರಿಂದ ಈ ಪಟ್ಟಿಯಲ್ಲಿರುವ ಮೀನಿನ ಬಗ್ಗೆ ಸ್ಥಳೀಯವಾಗಿ ಠರಾವು ಮಾಡಿ ಪ್ರಯೋಜನವಿಲ್ಲ.

ಉಳಿದ ಒಳನಾಡು ಮೀನುಗಾರಿಕೆ ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ಸಿಡಿಮದ್ದು ಹಾಕಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಬಲೆಯ ಕಣ್ಣು, ಪರವಾನಗಿ, ಗುತ್ತಿಗೆ, ಹಿಡಿಯಬಾರದ ಋತು ಇವೆಲ್ಲ ರಾಜ್ಯದ ನಿಯಮಗಳ ಕೈಯಲ್ಲಿವೆ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಹಿಡಿಯುವುದು ಅಪರಾಧವಾಗುವುದಿಲ್ಲ ಎಂಬುದನ್ನೂ ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಸಭೆಗಳಲ್ಲಿ ಈ ಗೊಂದಲವೇ ಅರ್ಧ ಹೊತ್ತನ್ನು ತಿನ್ನುತ್ತದೆ. ಕೃಷ್ಣಾ ಕೊಳ್ಳದ ಹರಗಿ ಮೀನು ಆ ಪಟ್ಟಿಯ ಅತ್ಯಂತ ಗಂಭೀರ ವರ್ಗದಲ್ಲಿದೆ. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ 2018ರಲ್ಲಿ ಅದೇ ವರ್ಗಕ್ಕೆ ಸೇರಿತು. ಆ ಪಟ್ಟಿ ಎಚ್ಚರಿಕೆ ಕೊಡುತ್ತದೆ. ಹಿಡಿಯಬೇಕೋ ಬೇಡವೋ ಎಂಬ ತೀರ್ಮಾನವನ್ನು ನಾವೇ ಮಾಡಬೇಕಾಗುತ್ತದೆ.

ಮಿತಿಯಲ್ಲಿ ಹಿಡಿಯುವುದು: ಮೂರು ನೀರುಗಳ ಅನುಭವ

ಈ ದಾರಿಯ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಹೊರದೇಶಗಳ ಉದಾಹರಣೆ ಕೊಡುತ್ತಾರೆ. ಅವು ನಿಜವೇ. ಆದರೆ ಪ್ರತಿಯೊಂದರ ಹಿಂದೆ ಏನಿತ್ತು ಎಂಬುದನ್ನೂ ನೋಡಬೇಕು.

ಅಮೆರಿಕದ ಫ್ಲೋರಿಡಾದಲ್ಲಿ ಗೋಲಿಯಾತ್ ಗ್ರೂಪರ್ ಎಂಬ, ಮುನ್ನೂರು ಕಿಲೋ ಮೀರಿ ಬೆಳೆಯಬಲ್ಲ ಸಮುದ್ರ ಮೀನನ್ನು ಹಿಡಿಯುವುದನ್ನು 1990ರಲ್ಲಿ ಪೂರ್ತಿ ನಿಲ್ಲಿಸಲಾಯಿತು. ಸಂಖ್ಯೆ ಚೇತರಿಸಿಕೊಂಡಿತು ಎಂಬ ಅಭಿಪ್ರಾಯ ಬಂದ ಮೇಲೂ 2018ರಲ್ಲಿ ಅಲ್ಲಿನ ಆಯೋಗ ಹಿಡಿಯಲು ಒಪ್ಪಲಿಲ್ಲ, 2022ರಲ್ಲಿ ಒಪ್ಪಿತು. ವರ್ಷಕ್ಕೆ ಹೆಚ್ಚೆಂದರೆ 200 ಮೀನು, ಚೀಟಿ ಎತ್ತಿ ಕೊಡುವ ಪರವಾನಗಿ, ಮಾರ್ಚ್‌ನಿಂದ ಮೇ ತನಕ ಮಾತ್ರ ಅವಕಾಶ, ಬಲೆಯಿಲ್ಲದೆ ಗಾಳದಿಂದಲೇ ಹಿಡಿಯಬೇಕು, ಮೀನಿನ ಉದ್ದ 24ರಿಂದ 36 ಅಂಗುಲದೊಳಗೆ ಇರಬೇಕು, ಹಿಡಿದವರು ಮೀನಿನ ಅಳತೆಯನ್ನೂ ರೆಕ್ಕೆಯ ಒಂದು ತುಣುಕನ್ನೂ ಸಂಶೋಧಕರಿಗೆ ಕೊಡಬೇಕು. ಇಲ್ಲಿ ಗಮನಿಸಬೇಕಾದ್ದು ಅಳತೆಯ ಆಯ್ಕೆ. ಮೊಟ್ಟೆಯಿಡುವ ದೊಡ್ಡ ಮೀನುಗಳನ್ನು ಬಿಟ್ಟು ಎಳೆಯವನ್ನು ಹಿಡಿಯುವ ಕ್ರಮ ಇದು. ದೊಡ್ಡ ಮೀನಿನ ಮಾಂಸದಲ್ಲಿ ಪಾದರಸ ಹೆಚ್ಚಿರುವುದೂ ಅದಕ್ಕೆ ಒಂದು ಕಾರಣ. ಒಮ್ಮೆಯೂ ಮೊಟ್ಟೆಯಿಡದ ಮೀನನ್ನು ಹಿಡಿಯುವುದು ಸರಿಯೇ ಎಂಬ ಆಕ್ಷೇಪ ಅಲ್ಲಿನವರದ್ದು. ಎಳೆಯ ಮೀನುಗಳು ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳೇ ಕುಗ್ಗುತ್ತಿರುವ ಕಡೆ ಆ ಆಕ್ಷೇಪಕ್ಕೆ ತೂಕವಿದೆ ಎಂದು ನನಗೂ ಅನ್ನಿಸುತ್ತದೆ. ಇನ್ನೊಂದು ವಿಷಯ, ಈ ಅವಕಾಶ ಹವ್ಯಾಸಿ ಗಾಳಗಾರರಿಗೆ ಕೊಟ್ಟದ್ದು. ಹೊಟ್ಟೆಪಾಡಿನ ಬೆಸ್ತರಿಗೆ ಇದರಿಂದ ಪಾಠ ತೆಗೆಯುವಾಗ ಅದನ್ನು ಮರೆಯಬಾರದು.

ಅದೇ ದೇಶದ ವಿಸ್ಕಾನ್ಸಿನ್ ರಾಜ್ಯದ ವಿನೆಬಾಗೊ ಸರೋವರದ ಕಥೆ ಹೆಚ್ಚು ಗಟ್ಟಿ. ಅಲ್ಲಿನ ಸ್ಟರ್ಜನ್ ಮೀನಿನ ಹೆಣ್ಣು ಇಪ್ಪತ್ತು ವರ್ಷ ದಾಟಿದ ಮೇಲೆ ಮೊದಲ ಸಲ ಮೊಟ್ಟೆಯಿಡುತ್ತದೆ, ಆಮೇಲೂ ಮೂರು ನಾಲ್ಕು ವರ್ಷಕ್ಕೊಮ್ಮೆ ಮಾತ್ರ. 1915ರಲ್ಲಿ ಹಿಡಿಯುವುದನ್ನು ನಿಲ್ಲಿಸಿ, 1930ರ ದಶಕದ ಆರಂಭದಲ್ಲಿ ಹಿಮದಲ್ಲಿ ತೂತು ಕೊರೆದು ಈಟಿಯಿಂದ ಹಿಡಿಯಲು ಮತ್ತೆ ಬಿಡಲಾಯಿತು. ಇಂದಿಗೂ ಅದು ನಡೆಯುತ್ತಿದೆ. ಗುಟ್ಟು ಇರುವುದು ಲೆಕ್ಕದಲ್ಲಿ. ಮೊಟ್ಟೆಯಿಡಲು ನದಿಗೆ ಬಂದ ಮೀನುಗಳಿಗೆ ಗುರುತು ಹಾಕಿ ಒಟ್ಟು ಸಂಖ್ಯೆಯ ಅಂದಾಜು ಮಾಡುತ್ತಾರೆ. ಬಲಿತ ಮೀನುಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಹೋಗದಂತೆ ಮಿತಿ ಇಡುತ್ತಾರೆ. ಬಲಿತ ಹೆಣ್ಣು, ಎಳೆಯ ಹೆಣ್ಣು, ಗಂಡು ಎಂದು ಮೂರು ಮಿತಿಗಳು ಬೇರೆ ಬೇರೆ. ಹಿಡಿದ ಮೀನನ್ನು ಅದೇ ದಿನ ನೋಂದಣಿ ಕೇಂದ್ರಕ್ಕೆ ತರಬೇಕು. ಮೂರರಲ್ಲಿ ಯಾವ ಮಿತಿ ತುಂಬಿದರೂ ಋತು ಅಲ್ಲಿಗೇ ಮುಗಿಯುತ್ತದೆ, ಪರವಾನಗಿ ಕೈಯಲ್ಲಿದ್ದವರಿಗೆ ಒಂದೂ ಸಿಗದಿದ್ದರೂ ಸರಿ. ಮೊಟ್ಟೆಯಿಡುವ ಕಾಲದಲ್ಲಿ ಸ್ವಯಂಸೇವಕರು ದಂಡೆಯಲ್ಲಿ ಹಗಲು ರಾತ್ರಿ ಕಾವಲು ಕೂರುತ್ತಾರೆ.

ನಮಗೆ ಹೆಚ್ಚು ಹತ್ತಿರದ್ದು ಬ್ರೆಜಿಲ್‌ನ ಅಮೆಜಾನ್ ನದಿಯ ಉದಾಹರಣೆ. ಅಲ್ಲಿನ ಪಿರರುಕು ಎಂಬ ದೊಡ್ಡ ಮೀನನ್ನು ಹಿಡಿಯುವುದನ್ನು ಅಮೆಜೋನಾಸ್ ರಾಜ್ಯ 1996ರಲ್ಲಿ ನಿಷೇಧಿಸಿತು. 1999ರಿಂದ ಮಮಿರೌವಾ ಮೀಸಲು ಪ್ರದೇಶದಲ್ಲಿ ಹಳ್ಳಿಗರೇ ನಿರ್ವಹಿಸುವ ಕೆರೆಗಳಲ್ಲಿ ಮಿತಿಯಲ್ಲಿ ಹಿಡಿಯಲು ಅವಕಾಶ ಬಂತು. ಈ ಮೀನು ಉಸಿರಾಡಲು ಆಗಾಗ ನೀರಿನ ಮೇಲಕ್ಕೆ ಬರಲೇಬೇಕು. ಪಳಗಿದ ಬೆಸ್ತ ತೆಪ್ಪದಲ್ಲಿ ಕುಳಿತು, ಅದು ಬಾಯಿ ತೆರೆದು ಗಾಳಿ ಎಳೆಯುವ ಸದ್ದು ಮತ್ತು ನೀರಿನ ಅಲುಗಾಟದಿಂದಲೇ ಬಲಿತದ್ದೋ ಎಳೆಯದೋ ಎಂದು ಹೇಳಿ ಎಣಿಸುತ್ತಾನೆ. ಹಾಗೆ ಎಣಿಸಿದ ಒಂದೂವರೆ ಮೀಟರ್ ಮೀರಿದ ಮೀನುಗಳಲ್ಲಿ ನೂರಕ್ಕೆ ಮೂವತ್ತರವರೆಗೆ ಹಿಡಿಯಲು ಅನುಮತಿ. ಡಿಸೆಂಬರ್‌ನಿಂದ ಮೇ ತನಕ ಬಿಡುವು. ಸಂಖ್ಯೆ ಹೆಚ್ಚಿತು, ಹಳ್ಳಿಗರ ಆದಾಯವೂ ಹೆಚ್ಚಿತು. ಇದು ಸಾಧ್ಯವಾದದ್ದು ಎಣಿಸುವವನು, ಕಾಯುವವನು, ಲಾಭ ಪಡೆಯುವವನು ಒಬ್ಬನೇ ಆಗಿದ್ದರಿಂದ. ಹೊರಗಿನ ದೋಣಿ ಕೆರೆಗೆ ನುಗ್ಗಿದರೆ ತಡೆಯಲು ಅವನಿಗೆ ಕಾರಣವಿತ್ತು.

ಈಗ ನಮ್ಮ ಹೊಳೆಯ ದೊಡ್ಡ ಮೀನಾದ ಮಹಶೀರ್‌ಗೆ ಬರೋಣ. ಅದು ಉಸಿರಾಡಲು ಮೇಲೆ ಬರುವುದಿಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ಕಾಣಿಸುವುದೂ ಇಲ್ಲ. ಕಾಟ್ಲ ಎರಡು ಮೂರು ವರ್ಷಕ್ಕೆ ಬಲಿತು ಒಂದೊಂದು ಕಿಲೋ ತೂಕಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆಯಿಟ್ಟರೆ, ಮಹಶೀರ್ ನಿಧಾನವಾಗಿ ಬಲಿತು ಸಾವಿರಗಳ ಲೆಕ್ಕದಲ್ಲಿ, ಅದೂ ಕಂತು ಕಂತಾಗಿ, ಜಲ್ಲಿಕಲ್ಲಿನ ಮೇಲೆ ಹರಿಯುವ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಒಂದು ಅಂದಾಜು ಹಾಕಿ ನೋಡಿ: ಒಂದು ಮಡುವಿನಲ್ಲಿ ನೂರು ಬಲಿತ ಮೀನುಗಳಿವೆ ಎಂದುಕೊಂಡು ವಿನೆಬಾಗೊ ಲೆಕ್ಕವನ್ನೇ ಹಿಡಿದರೆ ವರ್ಷಕ್ಕೆ ಸಿಗುವುದು ಐದು ಮೀನು. ಆ ದಂಡೆಯಲ್ಲಿ ಬಲೆ ಬೀಸುವ ಮನೆಗಳು ಮೂವತ್ತಿದ್ದರೆ ಐದನ್ನು ಹೇಗೆ ಹಂಚುವುದು? ಚೀಟಿ ಎತ್ತಿದರೂ ಹರಾಜು ಹಾಕಿದರೂ ಇಪ್ಪತ್ತೈದು ಮನೆಗಳಿಗೆ ಏನೂ ಇಲ್ಲ. ಜೀವನೋಪಾಯದ ಹೆಸರಿನಲ್ಲಿ ಕೇಳುವ ಮಿತಿಯ ಪರವಾನಗಿ ಜೀವನಕ್ಕೆ ಆಧಾರವಾಗುವಷ್ಟು ಮೀನನ್ನು ಎಂದೂ ಕೊಡಲಾರದು. ಕೊಡುವಷ್ಟು ಹಿಗ್ಗಿಸಿದರೆ ಮೀನು ಉಳಿಯದು.

ಮಾರುಕಟ್ಟೆಯ ಮಾತೂ ಇದೆ. ಹಿಡಿಯುವುದು ಪೂರ್ತಿ ನಿಷಿದ್ಧವಾಗಿದ್ದಾಗ ಸಂತೆಯಲ್ಲಿ ಕಂಡ ಮೀನೇ ಸಾಕ್ಷಿ. ಒಮ್ಮೆ ಐದಕ್ಕೆ ಅನುಮತಿ ಕೊಟ್ಟರೆ ಆರನೆಯದೂ ಇಪ್ಪತ್ತನೆಯದೂ ಆ ಐದರ ಹೆಸರಿನಲ್ಲೇ ಮಾರಾಟವಾಗಬಹುದು. ದವಡೆಗೆ ಅಥವಾ ಬಾಲಕ್ಕೆ ಒಮ್ಮೆ ಹಾಕಿದರೆ ಬಿಚ್ಚಲಾಗದ ಸಂಖ್ಯೆಯ ಪಟ್ಟಿ ಹಾಕದೆ ಇದಕ್ಕೆ ಪರಿಹಾರವಿಲ್ಲ, ಮತ್ತು ಆ ಪಟ್ಟಿಯನ್ನು ದಂಡೆಯಲ್ಲೇ ಹಾಕಬೇಕು, ಊರಿಗೆ ತಂದ ಮೇಲಲ್ಲ.

ಪೂರ್ಣ ನಿಷೇಧದ ಬಲ ಮತ್ತು ಬಲಹೀನತೆ

ನಿಷೇಧದ ದೊಡ್ಡ ಗುಣ ಅದರ ಸರಳತೆ. ಶೃಂಗೇರಿಯ ತುಂಗೆಯ ಮೆಟ್ಟಿಲುಗಳ ಬಳಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿಯೂ ಹಾಗೆಯೇ. ಅಲ್ಲಿ ಅಳತೆಯ ಕೋಲು ಬೇಡ, ಲೆಕ್ಕದ ಪುಸ್ತಕ ಬೇಡ. ಆದರೆ ಭಕ್ತಿಯೊಂದೇ ಕಾವಲಾಗದು ಎಂಬುದಕ್ಕೆ ದಕ್ಷಿಣ ಕನ್ನಡದ ಶಿಶಿಲವೇ ಸಾಕ್ಷಿ: 1996ರಲ್ಲಿ ಅಲ್ಲಿನ ದೇವಸ್ಥಾನದ ಹೊಳೆಗೆ ಯಾರೋ ವಿಷ ಹಾಕಿ ಮೀನುಗಳು ರಾಶಿ ರಾಶಿಯಾಗಿ ಸತ್ತವು. ಅಲ್ಲದೆ ಶೃಂಗೇರಿಯ ಮೀನು ಶೃಂಗೇರಿಯಲ್ಲೇ ಇರಬೇಕೆಂದಿಲ್ಲ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಹೊನ್ನಾಳಿ, ಹರಿಹರ ದಾಟಿ ಹರಿಯುವ ನೀರಿನಲ್ಲಿ ಮೇಲೆ ಗಾಜನೂರು ಮತ್ತು ಲಕ್ಕವಳ್ಳಿ, ಕೆಳಗೆ ಹೊಸಪೇಟೆಯ ಅಣೆಕಟ್ಟುಗಳಿವೆ. ಮೊಟ್ಟೆಯಿಡಲು ಏರುವ ಮೀನಿಗೆ ದಾರಿ ಕಟ್ಟಿದ್ದು ಬೆಸ್ತರ ಬಲೆಯಲ್ಲ. ನಿಷೇಧದ ಪೂರ್ತಿ ಹೊರೆಯನ್ನು ಬಲೆಯವರ ಮೇಲೆ ಮಾತ್ರ ಹೊರಿಸಿದರೆ ಅವರು ಅದನ್ನು ಅನ್ಯಾಯವೆಂದು ಕಾಣುವುದು ಸಹಜ, ಮತ್ತು ಅನ್ಯಾಯವೆನಿಸಿದ ನಿಯಮವನ್ನು ಯಾರೂ ಕಾಯುವುದಿಲ್ಲ.

ಇಲ್ಲಿ ಗುಜರಾತಿನ ಕರಾವಳಿಯನ್ನು ನೆನೆಯಬೇಕು. 2001ಕ್ಕೆ ಮೊದಲು ಅಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಎಣ್ಣೆಗೂ ಮಾಂಸಕ್ಕೂ ಕೊಲ್ಲುತ್ತಿದ್ದರು. ಕಾನೂನಿನ ಜೊತೆಗೆ ರಾಮಕಥೆಯ ಪ್ರವಚನಕಾರ ಮೊರಾರಿ ಬಾಪು ಅವರಂಥವರ ಮಾತು, ಅದಕ್ಕಿಂತ ಮುಖ್ಯವಾಗಿ ಮೀನನ್ನು ಬಿಡಲು ಬಲೆ ಕತ್ತರಿಸಿದ ಮೀನುಗಾರನಿಗೆ ಅರಣ್ಯ ಇಲಾಖೆ ಕೊಟ್ಟ ಪರಿಹಾರ ಸೇರಿ ಅಲ್ಲಿನವರು ತಾವಾಗಿ ಬಿಡತೊಡಗಿದರು. ನಿಷೇಧ ಗೆದ್ದ ಕಡೆಗಳಲ್ಲಿ ಹೀಗೆ ಯಾರಾದರೊಬ್ಬರು ಬಲೆಯ ಬೆಲೆ ಕೊಟ್ಟಿರುತ್ತಾರೆ.

ಹಿಡಿದು ಬಿಡುವುದು, ಮರಿ ತಂದು ಬಿಡುವುದು

ಕಾವೇರಿಯ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿ ಶಿಬಿರಗಳಲ್ಲಿ ದಶಕಗಳ ಕಾಲ ಗಾಳ ಹಾಕಿ, ತೂಕ ಬರೆದು, ಮೀನನ್ನು ನೀರಿಗೇ ಬಿಡುವ ಪದ್ಧತಿಯಿತ್ತು. ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರೇ ಅಲ್ಲಿ ಕಾವಲುಗಾರರೂ ದಾರಿ ತೋರುವವರೂ ಆದರು. ವನ್ಯಜೀವಿಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವಿನಿಂದ 2010ರ ನಂತರದ ವರ್ಷಗಳಲ್ಲಿ ಅದು ನಿಂತಿತು. ಆ ಶಿಬಿರಗಳಿಂದ ಆದ ನಿಜವಾದ ಉಪಕಾರ ಒಂದು ದಾಖಲೆ ಪುಸ್ತಕ: 1998ರಿಂದ 2012ರವರೆಗಿನ ಬರಹವನ್ನು ಸಂಶೋಧಕರು ಪರಿಶೀಲಿಸಿದಾಗ, ಕಾವೇರಿಯ ಸ್ವಂತ ಮೀನಾದ ಕಿತ್ತಳೆ ರೆಕ್ಕೆಯ ಮಹಶೀರ್ ಕ್ರಮೇಣ ಕಾಣೆಯಾಗಿ, ಅದರ ಜಾಗದಲ್ಲಿ ನೀಲಿ ರೆಕ್ಕೆಯದು ಹೆಚ್ಚಿದ್ದು ಬಯಲಾಯಿತು. ನೀಲಿ ರೆಕ್ಕೆಯದು ಲೋಣಾವಳದ ಮರಿ ಉತ್ಪಾದನಾ ಕೇಂದ್ರದಿಂದ ಸದುದ್ದೇಶದಿಂದಲೇ ತಂದು ಬಿಟ್ಟ ಮರಿಗಳ ಸಂತಾನ.

ಮರಿ ಬಿಟ್ಟರೆ ಮೀನು ಹೆಚ್ಚುತ್ತದೆ ಎಂದು ಸುಲಭವಾಗಿ ಹೇಳುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ. ತುಂಗಭದ್ರೆಗೆ ಮರಿ ಬಿಡುವುದಾದರೆ ತುಂಗಭದ್ರೆಯದೇ ತಾಯಿಮೀನಿನಿಂದ ಬಂದ ಮರಿಯಾಗಿರಬೇಕು. ಸಮಾರಂಭದ ದಿನ ಟ್ಯಾಂಕರಿನಲ್ಲಿ ಬಂದದ್ದು ಯಾವ ಹೊಳೆಯದು ಎಂದು ಕೇಳುವ ಹಕ್ಕು ಸಂಘಕ್ಕಿದೆ.

ಬಲೆಯಿಂದ ಬಿಡುವುದು ಗಾಳದಿಂದ ಬಿಡುವಷ್ಟು ಸರಳವಲ್ಲ. ಕಿವಿರಿಗೆ ಸಿಕ್ಕಿಕೊಳ್ಳುವ ಬಲೆಯಲ್ಲಿ ರಾತ್ರಿಯಿಡೀ ಒದ್ದಾಡಿದ ಮೀನಿನ ಕಿವಿರಿನ ಮುಚ್ಚಳದೊಳಗೆ ದಾರ ಹೊಕ್ಕು ಕೆಂಪು ಎಳೆಗಳನ್ನು ಕೊಯ್ದಿರುತ್ತದೆ. ಅದನ್ನು ಬಿಡಿಸಿ ನೀರಿಗೆ ಹಾಕಿದರೂ ಬದುಕುವ ಸಂಭವ ಕಡಿಮೆ. ಬೆಳಿಗ್ಗೆ ಒಮ್ಮೆ ನೋಡುವ ಬದಲು ರಾತ್ರಿ ಎರಡು ಮೂರು ಸಲ ಬಲೆ ನೋಡುವುದು, ಸಿಕ್ಕ ದಾರವನ್ನು ಎಳೆಯದೆ ಕತ್ತರಿಸುವುದು, ಒದ್ದೆ ಕೈಯಿಂದ ಹಿಡಿದು ತಲೆಯನ್ನು ಹರಿವಿಗೆ ಎದುರಾಗಿಟ್ಟು ಅದಾಗಿಯೇ ಈಜುವ ತನಕ ಕಾಯುವುದು, ಇಷ್ಟನ್ನಾದರೂ ಮಾಡಿದರೆ ಮಾತ್ರ ಈ ದಾರಿಗೆ ಅರ್ಥ. ಬೀಸುಬಲೆಯಲ್ಲಿ ಬಂದ ಮೀನಿಗೆ ಈ ತೊಂದರೆ ಬಹಳ ಕಡಿಮೆ.

ಮಡು ಮತ್ತು ಮುಂಗಾರು

ಹರಿವು ಇಳಿಯುವ ಮಾರ್ಚ್, ಏಪ್ರಿಲ್‌ನಲ್ಲಿ ಹೊಳೆಯ ದೊಡ್ಡ ಮೀನುಗಳೆಲ್ಲ ಕೆಲವೇ ಆಳವಾದ ಮಡುಗಳಿಗೆ ಬಂದು ಸೇರುತ್ತವೆ. ಮುಂಗಾರಿನ ಮೊದಲ ಹೊಸನೀರು ಬಂದಾಗ ಮೊಟ್ಟೆ ತುಂಬಿದ ಮೀನುಗಳು ಹಳ್ಳಗಳಿಗೆ, ಗದ್ದೆಯ ಕಾಲುವೆಗಳಿಗೆ ಏರುತ್ತವೆ. ಹತ್ತುಮೀನು ಎಂದು ಜನ ಕೋಲು, ಕತ್ತಿ, ಸೊಳ್ಳೆಪರದೆ ಹಿಡಿದು ಓಡುವುದೂ ಆಗಲೇ. ಈ ಎರಡು ಹೊತ್ತಿನಲ್ಲಿ ಹೋಗುವ ಮೀನು ವರ್ಷದ ಉಳಿದ ದಿನಗಳ ಬಲೆಗಿಂತ ಹೆಚ್ಚು ನಷ್ಟ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಒಳನಾಡಿನ ಹೊಳೆಗೆ ಅಂಥದ್ದೇ ಬಿಡುವನ್ನು ಬೆಸ್ತರ ಮೇಲಷ್ಟೇ ಅಲ್ಲ, ಹತ್ತುಮೀನಿಗೆ ಓಡುವ ನಮ್ಮೆಲ್ಲರ ಮೇಲೂ ಹಾಕಬೇಕು.

ಮಡುವನ್ನು ಕಾಯುವುದು ಇಡೀ ಹೊಳೆಯನ್ನು ಕಾಯುವುದಕ್ಕಿಂತ ಸುಲಭ. ಮಡುವಿನ ಹೊರಗೆ ಕಾಟ್ಲ, ರೋಹು, ಬಾಳೆ ಮೀನು, ಜಿಲೇಬಿ ಹಿಡಿಯಲು ಅಡ್ಡಿಯಿಲ್ಲವಾದ್ದರಿಂದ ಬಲೆಯವರಿಗೆ ಕೆಲಸ ನಿಲ್ಲುವುದಿಲ್ಲ. ತೋಟೆ (ಸಿಡಿಮದ್ದು) ಹಾಕುವವರು ಬರುವುದೂ ಹೆಚ್ಚಾಗಿ ಮಡುವಿಗೇ. ಅವರನ್ನು ಹಿಡಿಯಲು ಹತ್ತಿರದ ಊರಿನ ನಾಲ್ಕು ಜನರ ಕಿವಿ ಸಾಕು.

ಹೊಳೆ ಬೇರೆ, ಜಲಾಶಯ ಬೇರೆ

ಒಂದೇ ಉತ್ತರ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಗೆ ಹೊಂದುವುದಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದ ಅಣೆಕಟ್ಟು. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಭದ್ರೆಯ ನೀರು ಬರತೊಡಗಿದ ಮೇಲೆ ಅಲ್ಲಿನ ಸ್ಥಿತಿ ಬದಲಾಗಿದೆ. ಜಲಾಶಯವೆಂದರೆ ಹೊಳೆಗಿಂತ ಬಾಗಿಲು ಕಡಿಮೆ ಇರುವ ಮನೆ: ಪರವಾನಗಿದಾರರು ಯಾರೆಂದು ಗೊತ್ತು, ಹರಿಗೋಲು ದಡ ಸೇರುವ ಜಾಗಗಳು ಬೆರಳೆಣಿಕೆಯವು, ತೂಕ ಹಾಕುವ ಜಾಗದಲ್ಲೇ ಲೆಕ್ಕ ಬರೆಯಬಹುದು. ಚನ್ನಗಿರಿಯ ಸೂಳೆಕೆರೆಗೂ ಇದೇ ಮಾತು ಸಲ್ಲುತ್ತದೆ. ಮುಂದೆ ಎಂದಾದರೂ ಹರಗಿಯಂಥ ಮೀನನ್ನು ಇಂಥ ನೀರಿನಲ್ಲಿ ಬೆಳೆಸಿ, ಅದು ತಾನಾಗಿ ಮರಿ ಮಾಡುವುದು ಖಚಿತವಾದರೆ, ಮಿತಿಯಲ್ಲಿ ಹಿಡಿಯುವ ಪ್ರಯೋಗಕ್ಕೆ ಜಲಾಶಯವೇ ಸರಿಯಾದ ಜಾಗ.

ಚಿತ್ರದುರ್ಗ, ಜಗಳೂರು ಕಡೆಯ ಸಣ್ಣ ಕೆರೆಗಳ ವಿಷಯ ಇನ್ನೂ ಬೇರೆ. ಬೇಸಿಗೆಯಲ್ಲಿ ಬತ್ತುವ ಕೆರೆಯಲ್ಲಿ ಹಿಡಿಯಬೇಡಿ ಎನ್ನುವುದು ಕೆಸರಿನಲ್ಲಿ ಸಾಯಲಿ ಎಂದಂತೆ. ಅಲ್ಲಿ ಅಪರೂಪದ ಮೀನು ಕಂಡರೆ ಅದನ್ನು ನೀರಿರುವ ಕಡೆಗೆ ಸಾಗಿಸುವ ಏರ್ಪಾಡು ಬೇಕೇ ಹೊರತು ನಿಷೇಧದ ಬೋರ್ಡಲ್ಲ.

ಆದ್ದರಿಂದ ಹೊಳೆಯ ವಿಷಯದಲ್ಲಿ ನಾನಾದರೆ ಆರಿಸಿಕೊಳ್ಳುವುದು ಮಡುವಿನ ಕಾವಲು, ಮುಂಗಾರಿನ ಬಿಡುವು ಮತ್ತು ಬಲೆಗೆ ಬಂದ ಮಹಶೀರ್ ಬಿಟ್ಟವರಿಗೆ ಬಲೆಯ ಪರಿಹಾರ, ಈ ಮೂರನ್ನು. ಇವುಗಳ ಜೊತೆ ಬಿಟ್ಟ ಪ್ರತಿ ಮೀನಿನ ಉದ್ದ, ದಿನ, ಜಾಗ, ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ಚಿತ್ರ, ಸಂಘದ ಪುಸ್ತಕಕ್ಕೆ ಸೇರಬೇಕು. ಕಾವೇರಿಯ ಶಿಬಿರಗಳು ಬರೆದಿಟ್ಟದ್ದೂ ಹೆಚ್ಚುಕಡಿಮೆ ಇಷ್ಟನ್ನೇ. ಮಿತಿಯ ಪರವಾನಗಿ ಕೇಳುವವರಿಗೆ ಇಲ್ಲವೆನ್ನುವ ಬದಲು, ಆ ಪುಸ್ತಕ ಹಲವು ವರ್ಷ ತಪ್ಪದೆ ನಡೆದು, ಎಳೆಯ ಮೀನುಗಳು ಪ್ರತಿ ವರ್ಷ ಅದರಲ್ಲಿ ಕಾಣಿಸಿಕೊಂಡ ಮೇಲೆ ಕೇಳಿ ಎನ್ನಬಹುದು. ಹಾಗೆ ಕೊಡುವ ದಿನ ಬಂದರೂ ಠರಾವಿನಲ್ಲಿ ಎರಡು ಷರತ್ತುಗಳು ಇರಲೇಬೇಕು. ದೊಡ್ಡ ಹೆಣ್ಣು ಮೀನನ್ನು ಯಾವ ಪರವಾನಗಿಯೂ ಮುಟ್ಟುವಂತಿಲ್ಲ ಎಂಬುದು ಒಂದು. ಎಣಿಕೆ ನಡೆಯದ ವರ್ಷ ಪರವಾನಗಿಯೂ ಇಲ್ಲ, ಅದಕ್ಕೆ ಇಲಾಖೆಯ ಸಿಬ್ಬಂದಿ ಕೊರತೆಯೇ ಕಾರಣವಾಗಿದ್ದರೂ ಇಲ್ಲ, ಎಂಬುದು ಇನ್ನೊಂದು.